ಸುಲಭವಾಗಿ ಚಾಲೂ ಆಗುವ ಚೈನ್‌ಸಾ ಯಾವುದು? ಭುಜದ ನೋವಿರುವವರಿಗೆ ಸಲಹೆ ಬೇಕು

ಅಡಿಕೆ_ಕೊಪ್ಪ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಕೊಪ್ಪ ತಾಲ್ಲೂಕಿನಲ್ಲಿ ನಮ್ಮದು ಸಣ್ಣ ಅಡಿಕೆ ತೋಟ, ಅದಕ್ಕೆ ತಾಗಿಕೊಂಡಂತೆ ಸ್ವಲ್ಪ ಕಾಫಿಯೂ ಇದೆ. ಮಳೆಗಾಲದ ಗಾಳಿಗೆ ಮುರಿದು ಬೀಳುವ ಕೊಂಬೆಗಳನ್ನು ತುಂಡು ಮಾಡುವುದು, ಮರಗಸಿಯ (ನೆರಳಿನ ಮರಗಳ ಕೊಂಬೆ ಸವರುವ ಕೆಲಸದ) ನಂತರ ನೆಲದಲ್ಲಿ ಬಿದ್ದಿರುವ ರೆಂಬೆಗಳನ್ನು ಸೌದೆಗೆ ಕೊಯ್ಯುವುದು, ಇಷ್ಟೇ ನನ್ನ ಕೆಲಸ. ಹೆಚ್ಚಿನವು ಒಂದು ಗೇಣು ದಪ್ಪವನ್ನು ಮೀರುವುದಿಲ್ಲ. ಮರ ಹತ್ತಿ ಕಡಿಯುವುದಕ್ಕೂ ನಿಂತ ಮರ ಉರುಳಿಸುವುದಕ್ಕೂ ಬೇರೆಯವರನ್ನೇ ಕರೆಯುತ್ತೇನೆ.

ವಯಸ್ಸು ಅರವತ್ತರ ಹತ್ತಿರ ಬಂದಿದೆ, ಬಲಭುಜದಲ್ಲಿ ನೋವಿದೆ. ಪಕ್ಕದ ತೋಟದವರ ಬಳಿ 58 ಸಿಸಿಯ, ಕಂಪನಿ ಹೆಸರೇ ಗೊತ್ತಾಗದ ಒಂದು ಯಂತ್ರವಿದೆ. ಅದರ ಹಗ್ಗ ಎಳೆಯುವಷ್ಟರಲ್ಲಿ ನನ್ನ ತೋಳು ಸೋತುಹೋಗುತ್ತದೆ. ಅವರ ಮಗ ಯಂತ್ರವನ್ನು ಎಡಗೈಯಲ್ಲಿ ಎತ್ತಿ ಹಿಡಿದು, ಅದನ್ನು ಕೆಳಕ್ಕೆ ಬೀಸುತ್ತಲೇ ಬಲಗೈಯಿಂದ ಹಗ್ಗ ಎಳೆದು ಚಾಲೂ ಮಾಡುತ್ತಾನೆ. ಪಕ್ಕದಲ್ಲಿ ನಿಂತು ನೋಡುವುದಕ್ಕೂ ನನಗೆ ಧೈರ್ಯ ಸಾಲದು. ನನ್ನಂಥವರು ಹೊಸದನ್ನು ಕೊಳ್ಳುವಾಗ ಏನನ್ನು ನೋಡಬೇಕು? ಅಂಗಡಿಯವರು ಹೇಳುವ 'ಈಸಿ ಸ್ಟಾರ್ಟ್' ಎಂಬುದರಲ್ಲಿ ನಿಜವಾಗಿಯೂ ಏನಾದರೂ ಇದೆಯೇ, ಅಥವಾ ಬರೀ ಸ್ಟಿಕ್ಕರೇ?

ರಿಪೇರಿ_ತೀರ್ಥಹಳ್ಳಿ ಉತ್ತರಿಸಿದ್ದು:

ಇಂಥ ಯಂತ್ರಗಳ ರಿಪೇರಿಯೇ ನನ್ನ ಕಸುಬಾದ್ದರಿಂದ ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ. ನೀವು ವರ್ಣಿಸಿದ ಆ ಬೀಸಿ ಎಳೆಯುವ ಪದ್ಧತಿ ಬಂದದ್ದೇ ಯಂತ್ರ ಕೈಗೆ ಒಗ್ಗದೆ ಇರುವುದರಿಂದ. ನೆಲದ ಮೇಲಿಟ್ಟು ಎಳೆದರೆ ಚಾಲೂ ಆಗುವ ಯಂತ್ರವನ್ನು ಯಾರೂ ಗಾಳಿಯಲ್ಲಿ ಬೀಸುವುದಿಲ್ಲ. ಹಾಗಾಗಿ ಸುಲಭವಾಗಿ ಚಾಲೂ ಆಗುವುದನ್ನು ಕೊಂಡರೆ ಸುರಕ್ಷತೆಯ ಅರ್ಧ ಭಾಗ ಅಲ್ಲಿಯೇ ಮುಗಿಯಿತೆಂದು ನನ್ನ ಅಭಿಪ್ರಾಯ.

ಹಗ್ಗ ಭಾರವೆನಿಸುವುದು ಸಿಲಿಂಡರಿನಲ್ಲಿ ಪಿಸ್ಟನ್ ಗಾಳಿಯನ್ನು ಒತ್ತುವಾಗ ಹುಟ್ಟುವ ಒತ್ತಡದಿಂದ. ಸಿಸಿ ಹೆಚ್ಚಿದಷ್ಟೂ ಆ ತಡೆ ಹೆಚ್ಚುತ್ತದೆ. ಗೇಣು ದಪ್ಪದ ಕೊಂಬೆಗೆ 30ರಿಂದ 35 ಸಿಸಿ ಧಾರಾಳವಾಗಿ ಸಾಕು, ಚೈನು ಸುತ್ತುವ ಉದ್ದನೆಯ ಪಟ್ಟಿ, ಅಂದರೆ ಗೈಡ್ ಬಾರ್, 14 ಇಂಚಿನದು ಇರಲಿ. ಬಾರ್ ಉದ್ದವಾದಷ್ಟೂ ಅದರ ತುದಿ ಎಲ್ಲಿದೆಯೆಂಬುದು ಕಣ್ಣಿಗೆ ತಪ್ಪುತ್ತದೆ. ತುದಿಯ ಮೇಲ್ಭಾಗ ಬೇರೊಂದು ಕೊಂಬೆಗೆ ತಗುಲಿದರೆ ಯಂತ್ರ ಕಣ್ಣು ಮುಚ್ಚಿ ತೆಗೆಯುವುದರೊಳಗೆ ಮುಖದತ್ತ ಚಿಮ್ಮುತ್ತದೆ.

ಇನ್ನು 'ಈಸಿ ಸ್ಟಾರ್ಟ್' ವಿಷಯ. ಆ ಹೆಸರಿನ ಹಿಂದೆ ಬೇರೆ ಬೇರೆ ವ್ಯವಸ್ಥೆಗಳಿರುತ್ತವೆ, ಎಲ್ಲವೂ ಒಂದೇ ಅಲ್ಲ. ಸ್ಟಿಲ್ ಕಂಪನಿಯ 'ಎರ್ಗೋಸ್ಟಾರ್ಟ್' ಇರುವ ಯಂತ್ರಗಳಲ್ಲಿ ಹಗ್ಗದ ರಾಟೆಗೂ ಎಂಜಿನ್ನಿನ ತಿರುಗುವ ದಂಡಕ್ಕೂ (ಕ್ರ್ಯಾಂಕ್‌ಶಾಫ್ಟ್) ನಡುವೆ ಇನ್ನೊಂದು ಸ್ಪ್ರಿಂಗ್ ಇರುತ್ತದೆ. ನೀವು ನಿಧಾನವಾಗಿ ಹಗ್ಗ ಎಳೆಯುತ್ತಿದ್ದಂತೆ ಆ ಸ್ಪ್ರಿಂಗ್ ಬಿಗಿದುಕೊಳ್ಳುತ್ತದೆ, ಅದರ ಬಲ ಸಿಲಿಂಡರಿನ ಒತ್ತಡವನ್ನು ಮೀರಿದ ಕ್ಷಣದಲ್ಲಿ ತಾನೇ ಎಂಜಿನ್ನನ್ನು ತಿರುಗಿಸುತ್ತದೆ, ಹೀಗಾಗಿ ಭುಜಕ್ಕೆ ಆ ಜಗ್ಗು ತಗುಲುವುದಿಲ್ಲ. ಮಾದರಿಯ ಹೆಸರಿನ ಕೊನೆಯಲ್ಲಿ 'ಇ' ಅಕ್ಷರವಿದ್ದರೆ ಈ ವ್ಯವಸ್ಥೆ ಇದೆಯೆಂದು ಅರ್ಥ. ಉದಾಹರಣೆಗೆ, ಎಂಎಸ್ 180ರಲ್ಲಿ ಇದಿಲ್ಲ, ಎಂಎಸ್ 180 ಸಿ-ಬಿಇಯಲ್ಲಿ ಇದೆ. ಇಬ್ಬರೂ ಸುಮಾರು 32 ಸಿಸಿಯ ಅಣ್ಣತಮ್ಮಂದಿರೇ, ಬಾರ್ ಮತ್ತು ಚೈನು ಬಿಟ್ಟು ತೂಕ 4 ಕೆ.ಜಿ. ಆಸುಪಾಸು. ಹಸ್ಕ್ವರ್ನಾ ಕಂಪನಿಯವರು ತಮ್ಮ ವ್ಯವಸ್ಥೆಯನ್ನು 'ಸ್ಮಾರ್ಟ್ ಸ್ಟಾರ್ಟ್' ಎನ್ನುತ್ತಾರೆ. ಒತ್ತಿದರೆ ಪೆಟ್ರೋಲು ಕಾರ್ಬುರೇಟರಿಗೆ ಏರುವ ಪಾರದರ್ಶಕ ರಬ್ಬರ್ ಗುಬುಟು ಕೆಲವು ಯಂತ್ರಗಳಲ್ಲಿ ಇರುತ್ತದೆ. ಅದರಿಂದ ಎಳೆಯುವ ಸಲ ಕಡಿಮೆಯಾಗುತ್ತದೆಯೇ ಹೊರತು ಎಳೆತದ ಭಾರವೇನೂ ಇಳಿಯದು. ಒತ್ತಡವನ್ನು ಸ್ವಲ್ಪ ಹೊರಬಿಡುವ ಡಿಕಂಪ್ರೆಶನ್ ವಾಲ್ವ್ ಸಾಮಾನ್ಯವಾಗಿ ದೊಡ್ಡ ಯಂತ್ರಗಳಲ್ಲಿ ಬರುವಂಥದ್ದು, ನಿಮಗೆ ಅದರ ಚಿಂತೆ ಬೇಡ.

ಅಂಗಡಿಯಲ್ಲಿ ಯಂತ್ರವನ್ನು ತಣ್ಣಗಿರುವಾಗಲೇ ನೀವೇ ಚಾಲೂ ಮಾಡಿ ನೋಡಿ. ಅವರು ಬೆಳಿಗ್ಗೆಯಿಂದ ಬಿಸಿ ಮಾಡಿಟ್ಟ ಯಂತ್ರ ಯಾರು ಎಳೆದರೂ ಹೊತ್ತಿಕೊಳ್ಳುತ್ತದೆ.

ಚಾಲೂ ಮಾಡುವ ಕ್ರಮ ಹೀಗೆ: ಪೆಟ್ರೋಲು ತುಂಬಿಸಿದ ಜಾಗದಿಂದ ಕನಿಷ್ಠ 3 ಮೀಟರ್ ದೂರ ಬಂದು, ಸಮತಟ್ಟಾದ ನೆಲದಲ್ಲಿ ಚೈನು ಏನಕ್ಕೂ ತಾಗದಂತೆ ಯಂತ್ರವನ್ನು ಇಡಿ. ಮುಂದಿನ ಕೈತಡೆಯನ್ನು ಬಾರಿನ ಕಡೆಗೆ ತಳ್ಳಿದಾಗ 'ಟಕ್' ಎಂದು ಚೈನಿನ ಬ್ರೇಕ್ ಕೂರಬೇಕು. ಆ ಸದ್ದು ಕೇಳದೆ ಹಗ್ಗವನ್ನು ಮುಟ್ಟಲೇಬೇಡಿ. ಬಲಗಾಲಿನ ಬೂಟಿನ ತುದಿಯನ್ನು ಹಿಂದಿನ ಹಿಡಿಯೊಳಗೆ ತೂರಿಸಿ ಒತ್ತಿ, ಎಡಗೈಯಿಂದ ಮುಂದಿನ ಹಿಡಿಯನ್ನು ನೆಲಕ್ಕೆ ಒತ್ತಿಹಿಡಿಯಿರಿ. ಚೋಕ್ ಹಾಕಿ, ಹಗ್ಗವನ್ನು ತಡೆ ಸಿಗುವವರೆಗೆ ನಿಧಾನವಾಗಿ ಎಳೆದು, ಅಲ್ಲಿಂದ ಒಮ್ಮೆ ಚುರುಕಾಗಿ ಎಳೆಯಿರಿ (ಸ್ಪ್ರಿಂಗಿನ ಯಂತ್ರವಾದರೆ ಆ ಚುರುಕೂ ಬೇಡ, ನಿಧಾನವಾಗಿ ಎಳೆಯುತ್ತಲೇ ಹೋದರೆ ಸಾಕು). ಎಂಜಿನ್ ಒಂದು ಸಲ 'ಡಬ್' ಎಂದು ಕೆಮ್ಮಿ ನಿಲ್ಲುತ್ತದೆ. ಜನ ಎಡವುವುದು ಇಲ್ಲಿಯೇ. ಕೆಮ್ಮಿದ ಮೇಲೂ ಚೋಕಿನಲ್ಲಿಯೇ ಎಳೆಯುತ್ತಾ ಹೋದರೆ ಸ್ಪಾರ್ಕ್ ಪ್ಲಗ್ ಪೆಟ್ರೋಲಿನಲ್ಲಿ ತೊಯ್ದುಹೋಗುತ್ತದೆ, ಆಮೇಲೆ ಪೈಲ್ವಾನ ಬಂದು ಎಳೆದರೂ ಹೊತ್ತಿಕೊಳ್ಳದು. ಕೆಮ್ಮಿದ ಕೂಡಲೇ ಚೋಕಿನ ಲಿವರನ್ನು ಅರ್ಧ ಥ್ರಾಟಲಿಗೆ ತಂದು ಮತ್ತೆ ಎಳೆಯಬೇಕು. ಚಾಲೂ ಆದೊಡನೆ ಥ್ರಾಟಲನ್ನು ಒಮ್ಮೆ ಒತ್ತಿಬಿಟ್ಟರೆ ಎಂಜಿನ್ ಐಡಲಿಗೆ (ಕನಿಷ್ಠ ವೇಗಕ್ಕೆ) ಇಳಿಯುತ್ತದೆ, ಆಮೇಲಷ್ಟೇ ಬ್ರೇಕ್ ಬಿಡಿ. ಅರ್ಧ ಥ್ರಾಟಲಿನಲ್ಲಿ ಬ್ರೇಕ್ ಇಲ್ಲದೆ ಎಳೆದರೆ ಎಂಜಿನ್ ಹೊತ್ತಿದ ಕ್ಷಣವೇ ಚೈನೂ ಓಡುತ್ತದೆ, ಮತ್ತು ಬೀಸಿ ಎಳೆಯುವವರ ತೊಡೆ ಸಾಮಾನ್ಯವಾಗಿ ಅದರ ದಾರಿಯಲ್ಲಿಯೇ ಇರುತ್ತದೆ.

ಶಿರಸಿ_ತೋಟಿಗ ಉತ್ತರಿಸಿದ್ದು:

ಮೇಲಿನವರ ಮಾತು ಸರಿ, ಆದರೆ 32 ಸಿಸಿ ಕೊಂಡರೆ ನಾಳೆ ಒಂದು ಹಲಸಿನ ಮರ ದಾರಿಗೆ ಅಡ್ಡ ಬಿದ್ದಾಗ ಕೈ ಹಿಸುಕಿಕೊಳ್ಳಬೇಕಾಗುತ್ತದೆ. ದುಡ್ಡು ಹಾಕುವುದೇ ಆದರೆ 45 ಸಿಸಿಯದನ್ನು ಕೊಂಡರೆ ಎರಡಕ್ಕೂ ಆಯಿತಲ್ಲವೇ?

ಕಾಫಿ_ಮೂಡಿಗೆರೆ ಉತ್ತರಿಸಿದ್ದು:

ಶಿರಸಿಯವರೇ, ಪ್ರಶ್ನೆ ಕೇಳಿದವರು ದೊಡ್ಡ ಮರಕ್ಕೆ ಬೇರೆಯವರನ್ನು ಕರೆಯುತ್ತೇನೆಂದು ಮೊದಲೇ ಬರೆದಿದ್ದಾರೆ. ಗಾಳಿಗೆ ಬಿದ್ದ ದೊಡ್ಡ ಮರ ಬಾಗಿದ ಬಿಲ್ಲಿನಂತೆ ಬಿಗಿದುಕೊಂಡಿರುತ್ತದೆ, ಯಾವ ಕಡೆ ಕೊಯ್ದರೆ ಯಾವ ಕಡೆ ಸಿಡಿಯುತ್ತದೆಂದು ತಿಳಿದವರೇ ಅದಕ್ಕೆ ಕೈಹಾಕಬೇಕು. ವರ್ಷಕ್ಕೊಮ್ಮೆ ಬರುವ ಆ ಕೆಲಸಕ್ಕಾಗಿ ಭುಜ ನೋಯುವವರು ಉಳಿದ ದಿನವೆಲ್ಲ ಭಾರದ ಯಂತ್ರವನ್ನು ಹೊರುವುದರಲ್ಲಿ ಅರ್ಥವಿಲ್ಲ.

ನಾನು ಬಳಸುವುದು 36 ವೋಲ್ಟಿನ ಬ್ಯಾಟರಿ ಯಂತ್ರ, 12 ಇಂಚಿನ ಬಾರ್. ಹಗ್ಗವೇ ಇಲ್ಲದ ಮೇಲೆ ಚಾಲೂ ಮಾಡುವ ಗೋಳೂ ಇಲ್ಲ: ಲಾಕ್ ಗುಂಡಿಯನ್ನೂ ಟ್ರಿಗರನ್ನೂ ಒಟ್ಟಿಗೆ ಒತ್ತಿದರೆ ಚೈನು ಓಡುತ್ತದೆ, ಬಿಟ್ಟರೆ ನಿಲ್ಲುತ್ತದೆ. ಎರಡು ಕೊಂಬೆಗಳ ನಡುವೆ ನಡೆಯುವಾಗ ಯಂತ್ರ ಪೂರ್ತಿ ಸುಮ್ಮನಿರುವುದು ನನಗಂತೂ ದೊಡ್ಡ ಸಮಾಧಾನ. ಆದರೆ ಆ ಸುಮ್ಮನಿರುವಿಕೆಯೇ ಮೋಸವನ್ನೂ ಮಾಡಬಲ್ಲದು. ಪೆಟ್ರೋಲ್ ಯಂತ್ರ ಸದ್ದು ಮಾಡಿ ತಾನಿದ್ದೇನೆಂದು ತಿಳಿಸುತ್ತದೆ, ಇದು ಹಾಗಲ್ಲ. ಚೈನು ಬಿಗಿ ಮಾಡುವುದಿರಲಿ, ಹೊಟ್ಟು ಒರೆಸುವುದಿರಲಿ, ಬ್ಯಾಟರಿಯನ್ನು ಕಿತ್ತು ಪಕ್ಕಕ್ಕಿಡದೆ ಬಾರಿನ ಹತ್ತಿರ ಕೈ ಒಯ್ಯಬೇಡಿ. ಬಿದ್ದ ರೆಂಬೆಗಳ ಕೆಲಸಕ್ಕೆ ಒಂದು ಬ್ಯಾಟರಿ ಸಾಲುತ್ತದೆ, ಒಣಗಿದ ಗಟ್ಟಿ ಸೌದೆಗೆ ಇಳಿದರೆ ಬೇಗ ಖಾಲಿಯಾಗುತ್ತದೆ. ನಮ್ಮ ಕಡೆ ಮಳೆಗಾಲದಲ್ಲಿ ಕರೆಂಟು ಹೋದರೆ ಬರುವುದು ಯಾವಾಗಲೋ, ಆದ್ದರಿಂದ ಮನೆಯಲ್ಲಿ ಇನ್ವರ್ಟರ್ ಇದ್ದರೆ ಮಾತ್ರ ಇದನ್ನು ಯೋಚಿಸಿ. ತಂತಿಯ 230 ವೋಲ್ಟಿನ ಯಂತ್ರ ಅಗ್ಗವಾದರೂ ನೀರು ನಿಂತ ತೋಟಕ್ಕೆ ಖಂಡಿತ ಬೇಡ.

ಅಡಿಕೆ_ಕೊಪ್ಪ ಬರೆದದ್ದು:

ಎಲ್ಲರಿಗೂ ಧನ್ಯವಾದಗಳು. ನಮ್ಮಲ್ಲಿ ಇನ್ವರ್ಟರ್ ಚಿಕ್ಕದು, ಕರೆಂಟಿನ ಪಾಡು ಮೂಡಿಗೆರೆಯವರು ಹೇಳಿದಂತೆಯೇ ಇದೆ, ಆದ್ದರಿಂದ ಸ್ಪ್ರಿಂಗ್ ಇರುವ ಸಣ್ಣ ಪೆಟ್ರೋಲ್ ಯಂತ್ರದ ಕಡೆಗೇ ಮನಸ್ಸು ವಾಲುತ್ತಿದೆ. ಒಂದು ಸಂದೇಹ ಉಳಿದಿದೆ. ನನ್ನ ಬಳಿಯಿರುವ ಔಷಧಿ ಹೊಡೆಯುವ ಪವರ್ ಸ್ಪ್ರೇಯರ್ ಮೊದಲ ವರ್ಷ ಚೆನ್ನಾಗಿತ್ತು, ಈಗ ಒಂದು ಮಳೆಗಾಲ ಮೂಲೆಯಲ್ಲಿ ಇಟ್ಟು ತೆಗೆದರೆ ಏನು ಮಾಡಿದರೂ ಹೊತ್ತುವುದಿಲ್ಲ. ಇದಕ್ಕೂ ಅದೇ ಗತಿ ಬಂದರೆ ಸ್ಪ್ರಿಂಗ್ ಇದ್ದು ಏನು ಪ್ರಯೋಜನ?

ರಿಪೇರಿ_ತೀರ್ಥಹಳ್ಳಿ ಉತ್ತರಿಸಿದ್ದು:

ಸರಿಯಾದ ಪ್ರಶ್ನೆ. 'ಹಗ್ಗ ಎಳೆದರೆ ಹೊತ್ತುತ್ತಿಲ್ಲ' ಎಂದು ನನ್ನ ಮೇಜಿಗೆ ಬರುವ ಯಂತ್ರಗಳಲ್ಲಿ ಹೆಚ್ಚಿನವಕ್ಕೆ ಎಂಜಿನ್ ದೋಷವೇ ಇರುವುದಿಲ್ಲ, ಟ್ಯಾಂಕಿನಲ್ಲಿ ಹಳೆಯ ಪೆಟ್ರೋಲು ಇರುತ್ತದೆ. ಈಗ ಬಂಕುಗಳಲ್ಲಿ ಸಿಗುವುದು ಶೇಕಡಾ 20ರವರೆಗೆ ಎಥನಾಲ್ ಬೆರೆತ ಪೆಟ್ರೋಲು, ಆದರೆ ಹಲವು ಚೈನ್‌ಸಾಗಳ ಕೈಪಿಡಿಗಳು ಶೇಕಡಾ 10ಕ್ಕಿಂತ ಹೆಚ್ಚು ಬೇಡವೆನ್ನುತ್ತವೆ. ಎಥನಾಲ್ ಗಾಳಿಯ ತೇವವನ್ನು ಹೀರುತ್ತದೆ, ಮಲೆನಾಡಿನ ಮಳೆಗಾಲದಲ್ಲಿ ತೇವಕ್ಕೆ ಬರವಿಲ್ಲ. ಹೀರಿದ್ದು ಹೆಚ್ಚಾದರೆ ನೀರು ಮತ್ತು ಎಥನಾಲ್ ಬೇರ್ಪಟ್ಟು ಟ್ಯಾಂಕಿನ ತಳಕ್ಕೆ ಇಳಿಯುತ್ತವೆ, ಪೆಟ್ರೋಲು ಹೀರುವ ಕೊಳವೆಯ ಬಾಯಿ ಇರುವುದೂ ಅಲ್ಲಿಯೇ. ಹಾಗೆಯೇ ಬಿಟ್ಟರೆ ಕಾರ್ಬುರೇಟರಿನೊಳಗಿನ ತೆಳುವಾದ ರಬ್ಬರ್ ಪೊರೆ ಬಿರುಸಾಗಿ, ಬೆರಳಲ್ಲಿ ಮಡಿಸಿದರೆ ಕಾಗದದಂತೆ ಸದ್ದು ಮಾಡುತ್ತದೆ.

ಯಂತ್ರ ಯಾವುದೇ ಆಗಲಿ, ಪೆಟ್ರೋಲಿಗೆ ಆಯಿಲನ್ನು ಒಂದೆರಡು ವಾರಕ್ಕೆ ಆಗುವಷ್ಟು ಮಾತ್ರ ಬೆರೆಸಿ. ಸ್ಟಿಲ್ ಅಥವಾ ಹಸ್ಕ್ವರ್ನಾದ ಟೂ-ಸ್ಟ್ರೋಕ್ ಆಯಿಲ್ ಆದರೆ 1 ಲೀಟರ್ ಪೆಟ್ರೋಲಿಗೆ 20 ಮಿಲಿ. ಬೇರೆ ಆಯಿಲಾದರೆ ಯಂತ್ರದ ಕೈಪಿಡಿ ಏನನ್ನುತ್ತದೋ ಹಾಗೆ. ತಿಂಗಳು ಮೀರಿದ ಮಿಶ್ರಣವನ್ನು ಈ ಯಂತ್ರಕ್ಕೆ ಹಾಕಬೇಡಿ. ಕೆಲಸವಿಲ್ಲದೆ ಎತ್ತಿಡುವ ದಿನ ಬಯಲಿನಲ್ಲಿ ಟ್ಯಾಂಕ್ ಖಾಲಿ ಮಾಡಿ, ಉಳಿದ ಹನಿ ಮುಗಿದು ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ ಒಳಗಿಡಿ. ಪ್ಲಗ್ ತೊಯ್ದಿದ್ದರೆ ಕಳಚಿ ಒರೆಸಿ, ಸ್ವಿಚ್ ಆಫ್ ಮಾಡಿ ಪ್ಲಗ್ ಇಲ್ಲದೆಯೇ ನಾಲ್ಕಾರು ಸಲ ಹಗ್ಗ ಎಳೆದರೆ ಒಳಗಿನ ಪೆಟ್ರೋಲು ಹೊರಬರುತ್ತದೆ.

ಇನ್ನೊಂದು ಮಾತು. ಬ್ರೇಕ್ ಬಿಟ್ಟು, ಥ್ರಾಟಲ್ ಮುಟ್ಟದೆ ಐಡಲಿನಲ್ಲಿ ಓಡುತ್ತಿರುವಾಗಲೂ ಚೈನು ಹರಿದಾಡುತ್ತಿದ್ದರೆ ಐಡಲ್ ಹೆಚ್ಚಾಗಿದೆಯೆಂದು ಅರ್ಥ. ಸ್ಟಿಲ್ ಯಂತ್ರವಾದರೆ 'ಎಲ್‌ಎ' ಎಂದು ಗುರುತಿರುವ ಸ್ಕ್ರೂವನ್ನು ಚೈನು ನಿಲ್ಲುವವರೆಗೆ ಎಡಕ್ಕೆ ತಿರುಗಿಸಿ; ಅಷ್ಟಕ್ಕೂ ನಿಲ್ಲದಿದ್ದರೆ ಕೆಲಸಕ್ಕೆ ಇಳಿಯದೆ ಯಂತ್ರವನ್ನು ಕೊಂಡ ಅಂಗಡಿಗೇ ಒಯ್ಯಿರಿ. ನಿಮ್ಮ ಸ್ಪ್ರೇಯರಿನ ಕಾರ್ಬುರೇಟರಿಗೂ ಬಹುಶಃ ಆ ಪೊರೆಯನ್ನೇ ಬದಲಿಸಬೇಕಾಗುತ್ತದೆ, ದೊಡ್ಡ ಖರ್ಚಿನ ಕೆಲಸವಲ್ಲ.