ಈಜಿನ ಸೆಟ್ ಬರೆಯುವಾಗ ನೀವೆಲ್ಲಾ ಎಲ್ಲಿಂದ ಶುರು ಮಾಡುತ್ತೀರಿ?

ಕೇಳಿದವರು:
ಸ್ಪರ್ಧೆಗೆ ಹೋಗುವ ಹನ್ನೆರಡು ಮಕ್ಕಳ ಬ್ಯಾಚ್ ನನ್ನ ಕೈಗೆ ಬಂದಿದೆ. ವಯಸ್ಸು 12ರಿಂದ 16. 25 ಮೀಟರ್ ಪೂಲ್, ಎರಡು ಲೇನ್, ದಿನಕ್ಕೆ ಒಂದೂವರೆ ಗಂಟೆ. 50 ಮೀಟರ್‌ನವರೂ ಇದ್ದಾರೆ, 400ರವರೂ ಇದ್ದಾರೆ. ಅಲ್ಲಿ ಇಲ್ಲಿ ಸಿಕ್ಕ ಸೆಟ್ ಕೊಡುತ್ತಿದ್ದೇನೆ. ಮಕ್ಕಳು ಸುಸ್ತಾಗುತ್ತಾರೆ, ಟೈಮ್ ಮಾತ್ರ ಇಳಿಯುತ್ತಿಲ್ಲ. ಅನುಭವ ಇರುವವರು ದಯವಿಟ್ಟು ಹೇಳಿ.

ಹಿರಿಯ ಕೋಚ್ ಒಬ್ಬರು:
ಮಕ್ಕಳನ್ನು ಸುಸ್ತು ಮಾಡಿಸುವುದು ಯಾರ ಕೈಯಲ್ಲಾದರೂ ಆಗುತ್ತದೆ ಸರ್. ಬೋರ್ಡ್ ಮೇಲೆ 10×100, ಅಂದರೆ ನೂರು ಮೀಟರ್ ಹತ್ತು ಸಲ, ಅಂತ ಬರೆದರೆ ಅದಿನ್ನೂ ಸೆಟ್ ಆಗಲಿಲ್ಲ. ಎಷ್ಟು ಟೈಮಿಗೆ ಬರಬೇಕು, ಎಷ್ಟಕ್ಕೊಂದು ಸಲ ಹೊರಡಬೇಕು, ಇವೆರಡು ಪಕ್ಕದಲ್ಲಿ ಬಂದ ಮೇಲೇ ಅದು ಸೆಟ್. ನಾನು ಮೊದಲು ಬರೆಯುವುದೇ ವಿಶ್ರಾಂತಿಯನ್ನು. ದೂರ ಆಮೇಲೆ.

ಒಬ್ಬ ಹುಡುಗನನ್ನೇ ತೆಗೆದುಕೊಳ್ಳಿ. 200 ಫ್ರೀಸ್ಟೈಲ್ 2:20, 400 ಫ್ರೀಸ್ಟೈಲ್ 5:00. ಎರಡರ ವ್ಯತ್ಯಾಸ 160 ಸೆಕೆಂಡ್. ಅದರ ಅರ್ಧ 80. ಅಂದರೆ 100 ಮೀಟರ್‌ಗೆ 1:20. ಇದನ್ನು ಕ್ರಿಟಿಕಲ್ ಸ್ವಿಮ್ ಸ್ಪೀಡ್ ಅಂತಾರೆ. ತುಂಬಾ ಹೊತ್ತು ಎಳೆಯಬಹುದಾದ, ಆದರೆ ಆರಾಮಲ್ಲದ ವೇಗ ಇದು. ಎರಡನ್ನೂ ಡೈವ್ ಹೊಡೆದೇ ಈಜಿದ್ದರೆ ಡೈವ್‌ನ ಲಾಭ ಕಳೆಯುವಾಗ ಹೊಡೆದುಹೋಗುತ್ತದೆ. ಒಂದು ಡೈವ್, ಇನ್ನೊಂದು ಗೋಡೆ ತಳ್ಳಿ ಆದರೆ ಲೆಕ್ಕ ಕೆಡುತ್ತದೆ.

ಈಗ ಅದೇ 10×100 ನೋಡಿ. 1:28ಕ್ಕೆ ಬಂದು 1:40ಕ್ಕೊಂದು ಹೊರಟರೆ ಅದು ಆರಾಮದ ಏರೋಬಿಕ್ ಕೆಲಸ. 1:20ಕ್ಕೆ ಬಂದು 1:35ಕ್ಕೊಂದು ಹೊರಟರೆ ಥ್ರೆಶೋಲ್ಡ್ ಸೆಟ್, ಅಂದರೆ ತಡೆದುಕೊಳ್ಳಬಹುದಾದ ವೇಗದ ಅಂಚಿನಲ್ಲಿ ಈಜುವ ಸೆಟ್, ಏಳನೆಯದರ ಹೊತ್ತಿಗೆ ಮಾತಾಡುವ ಮನಸ್ಸಿರುವುದಿಲ್ಲ. 1:13ಕ್ಕೆ ಬರಬೇಕು ಅಂತಾದರೆ ಹತ್ತು ಆಗುವುದೇ ಇಲ್ಲ. ಆರಕ್ಕೆ ಇಳಿಸಿ, 3:00ಕ್ಕೊಂದು ಬಿಡಬೇಕು. ದೂರ ಮೂರರಲ್ಲೂ ನೂರೇ, ಆದರೆ ಮೈಗೆ ಬೀಳುವ ಕೆಲಸ ಮೂರು ಥರ. ನಿಮ್ಮ ಮಕ್ಕಳ ಟೈಮ್ ಇಳಿಯದಿರುವುದಕ್ಕೆ ನನ್ನ ಊಹೆ ಇದು: ದಿನವೂ ಈ ಮೂರರ ನಡುವೆ ಎಲ್ಲೋ ಈಜುತ್ತಿದ್ದಾರೆ. ನಿಧಾನದ ದಿನ ನಿಧಾನ ಇಲ್ಲ, ಜೋರಿನ ದಿನ ಜೋರಿಲ್ಲ.

ರೇಸ್ ಪೇಸ್, ಅಂದರೆ ರೇಸಿನ ವೇಗದಲ್ಲೇ ಈಜಿಸುವ ಸೆಟ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಯಾಕಂದರೆ ಟೈಮ್ ಇಳಿಯುವುದು ಇಲ್ಲೇ. ಅದೇ ಹುಡುಗನ 2:20 ಅನ್ನು ಒಡೆದು ನೋಡಿ. ಮೊದಲ 50 ಡೈವ್ ಇರುವುದರಿಂದ 33. ಆಮೇಲೆ 35.5, 36, 35.5. ಅಂದರೆ ರೇಸಿನಲ್ಲಿ ಅವನು ಹೆಚ್ಚು ಹೊತ್ತು ಬದುಕುವುದು 36ರ ಆಸುಪಾಸಿನಲ್ಲಿ. ಹಾಗಾಗಿ 12×50, ಪ್ರತಿಯೊಂದೂ 36ಕ್ಕೆ, 1:00ಕ್ಕೊಂದು. ಸಿಗುವ ವಿಶ್ರಾಂತಿ 24 ಸೆಕೆಂಡ್. ಮೊದಲ ನಾಲ್ಕು ಸುಲಭ ಅನಿಸುತ್ತದೆ. ಹುಡುಗ ನಕ್ಕೊಂಡು 34ಕ್ಕೆ ಬರುತ್ತಾನೆ. ಅಲ್ಲೇ ಹಿಡಿಯಿರಿ ಅವನನ್ನು. 36 ಅಂದರೆ 36. ಮೊದಲೇ ಉಳಿಸಿಕೊಂಡಿದ್ದರೆ ತಾನೆ ಒಂಬತ್ತು, ಹತ್ತರಲ್ಲಿ ಇರುವುದು?

ಒಂದು ತಪ್ಪಿದರೆ ಮುಂದಿನದನ್ನು ಬಿಟ್ಟು, ಗೋಡೆ ಹಿಡಿದು ನಿಂತು, ಅದರ ನಂತರದ್ದಕ್ಕೆ ಸೇರಿಕೊಳ್ಳಲಿ. ಮೂರು ಸಲ ತಪ್ಪಿದರೆ ಅವನಿಗೆ ಅವತ್ತಿನ ಸೆಟ್ ಮುಗಿಯಿತು, ಮೆಲ್ಲಗೆ ಈಜಿಕೊಂಡು ಇರಲಿ. ಇದು ಶಿಕ್ಷೆ ಅಲ್ಲ ಅಂತ ಮೊದಲ ದಿನವೇ ಹೇಳಿಬಿಡಿ. ಇಲ್ಲದಿದ್ದರೆ ಮಕ್ಕಳು ಟೈಮ್ ಸುಳ್ಳು ಹೇಳಲು ಶುರು ಮಾಡುತ್ತಾರೆ.

ಟೈಮ್ ಒಂದನ್ನೇ ನೋಡಬೇಡಿ, ಕೈ ಎಣಿಸಿ. ಶುರುವಿನಲ್ಲಿ 25 ಮೀಟರ್‌ಗೆ 17 ಕೈ ಹಾಕುತ್ತಿದ್ದವನು ಎಂಟನೆಯದರಲ್ಲಿ 21 ಹಾಕುತ್ತಿದ್ದರೆ, 36 ಬಂದರೂ ಅದು ಬೇರೆಯೇ ಈಜು. ಮೊಣಕೈ ಕುಸಿದಿರುತ್ತದೆ, ಕೈ ನೀರನ್ನು ಹಿಡಿಯದೆ ಜಾರುತ್ತಿರುತ್ತದೆ. ನಾನಾದರೆ ಅಲ್ಲಿಗೇ ನಿಲ್ಲಿಸುತ್ತೇನೆ. ಕೆಟ್ಟ ಕೈಯಲ್ಲಿ ಇನ್ನೂ ನಾಲ್ಕು ಈಜಿಸಿ ಅದನ್ನೇ ಅಭ್ಯಾಸ ಮಾಡಿಸುವುದು ಯಾಕೆ?

50 ಮೀಟರ್‌ನವರ ಕಥೆ ಬೇರೆ. ಪೂರ್ತಿ ವೇಗಕ್ಕೆ ಸ್ನಾಯು ತಕ್ಷಣ ಬಳಸುವ ಶಕ್ತಿ ಹತ್ತು ಸೆಕೆಂಡಿನ ಆಸುಪಾಸಿನಲ್ಲಿ ಖಾಲಿಯಾಗುತ್ತದೆ. ಮತ್ತೆ ತುಂಬಿಕೊಳ್ಳಲು ನಿಮಿಷಗಳು ಬೇಕು. ಹಾಗಾಗಿ ಅವರಿಗೆ 15, 25 ಮೀಟರ್ ಸಾಕು, ವಿಶ್ರಾಂತಿ ಮಾತ್ರ ಧಾರಾಳ. ನೋಡುವವರಿಗೆ ಸುಮ್ನೆ ನಿಂತಿದ್ದಾರೆ ಅನಿಸುತ್ತದೆ. ಅನಿಸಲಿ ಬಿಡಿ.

ಕೇಳಿದವರು:
ತುಂಬಾ ಥ್ಯಾಂಕ್ಸ್ ಸರ್. ಆದರೆ ಎರಡೇ ಲೇನ್, ಒಂದೊಂದರಲ್ಲಿ ಆರು ಜನ. ಇಬ್ಬಗೆಯವರನ್ನೂ ಒಟ್ಟಿಗೆ ಹೇಗೆ ಸುಧಾರಿಸುವುದು?

ಅದೇ ಕೋಚ್:
ನಿಮಿಷ ಸಮ ಮಾಡಿ, ಮೀಟರ್ ಸಮ ಮಾಡಲು ಹೋಗಬೇಡಿ. 1:35ಕ್ಕೊಂದರಂತೆ 10×100 ಅಂದರೆ ಹೆಚ್ಚುಕಮ್ಮಿ 16 ನಿಮಿಷ. ಅಷ್ಟೇ ಹೊತ್ತಿನಲ್ಲಿ ಪಕ್ಕದ ಲೇನ್ 8×25 ಪೂರ್ತಿ ಜೋರಾಗಿ, 2:00ಕ್ಕೊಂದು ಮುಗಿಸುತ್ತದೆ. ಜೋರಾಗಿ ಹೋಗುವುದು, ಆ ತುದಿಯಲ್ಲಿ ಉಸಿರು ತೆಗೆದುಕೊಳ್ಳುವುದು, ಮೆಲ್ಲಗೆ ವಾಪಸ್ ಬರುವುದು. ಎರಡೂ ಲೇನ್ ಒಟ್ಟಿಗೆ ಮುಗಿದಾಗ ಮುಂದಿನದನ್ನು ವಿವರಿಸುವುದೂ ಸುಲಭ.

ಹೊರಡುವ ಅಂತರವನ್ನೂ ಸೆಟ್ ಜೊತೆಗೇ ಲೆಕ್ಕ ಹಾಕಿ. 1:00ಕ್ಕೊಂದು 50, ಆರು ಜನ, ಐದೈದು ಸೆಕೆಂಡ್ ಅಂತರ ಅಂದರೆ ಆರನೆಯವನು ಹೊರಡುವುದು 25ನೇ ಸೆಕೆಂಡಿಗೆ. ಮೊದಲನೆಯವನು ವಾಪಸ್ ಬರುವುದು 36ಕ್ಕೆ. ಗೋಡೆ ಖಾಲಿ ಇರುತ್ತದೆ. ಅಂತರ ಹತ್ತು ಸೆಕೆಂಡ್ ಮಾಡಿದಿರೋ, 36ಕ್ಕೆ ಬಂದವನ ಮುಂದೆ ಐದನೆಯವನೂ ಆರನೆಯವನೂ ಇನ್ನೂ ಗೋಡೆ ಹಿಡಿದು ನಿಂತಿರುತ್ತಾರೆ. ಮುಟ್ಟಲು ಜಾಗ ಇಲ್ಲ, ಟೈಮ್ ನಂಬುವ ಹಾಗಿಲ್ಲ. ಐದು ಸೆಕೆಂಡಿಗೂ ಒಂದು ತೊಂದರೆ ಇದೆ: ಹಿಂದಿನವರು ಮುಂದಿನವನ ಅಲೆಯಲ್ಲಿ ಸಲೀಸಾಗಿ ಬರುತ್ತಾರೆ. ಆಗಾಗ ಮುಂದಾಳನ್ನು ಬದಲಾಯಿಸಿ. 25ರ ಸ್ಪ್ರಿಂಟ್‌ಗೆ ಮಾತ್ರ ಹತ್ತು ಸೆಕೆಂಡ್ ಅಂತರವೇ ಸರಿ.

ಬ್ರೆಸ್ಟ್‌ಸ್ಟ್ರೋಕ್ ಮತ್ತು ಐಎಂ (ನಾಲ್ಕೂ ಸ್ಟ್ರೋಕ್ ಒಂದೇ ರೇಸಿನಲ್ಲಿ) ಈಜಿದವರು:
ಮೇಲಿನ ಲೆಕ್ಕವೆಲ್ಲ ಫ್ರೀಸ್ಟೈಲ್‌ದು. ಬಟರ್‌ಫ್ಲೈನವರಿಗೆ ಅದನ್ನೇ ಹಾಗೇ ಕೊಟ್ಟರೆ ಮೂರನೇ ನೂರಕ್ಕೆ ಮುಳುಗುತ್ತಾರೆ. ಫ್ಲೈ ಅನ್ನು 25, 50ಗಳಲ್ಲೇ ಇಡಿ, ನಡುವೆ ಫ್ರೀಸ್ಟೈಲ್ ಸೇರಿಸಿ. ಸೊಂಟ ಮೇಲೆ ಬರುವುದು ನಿಂತ ಮೇಲೆ ಈಜಿದ ಫ್ಲೈ ಲೆಕ್ಕಕ್ಕಿಲ್ಲ. ಬ್ರೆಸ್ಟ್‌ಸ್ಟ್ರೋಕ್ ಕಿಕ್ ಜಾಸ್ತಿ ಕೊಟ್ಟರೆ ಮಂಡಿಯ ಒಳಬದಿ ನೋಯುತ್ತದೆ, ಅದನ್ನು ನಿಧಾನವಾಗಿ ಏರಿಸಿ.

ಐಎಂನವರಿಗೆ ನಾಲ್ಕು ಸ್ಟ್ರೋಕನ್ನೂ ಬೇರೆ ಬೇರೆ ಈಜಿಸಿದರೆ ಸಾಲದು. ಒಂದರಿಂದ ಇನ್ನೊಂದಕ್ಕೆ ದಾಟುವ 50ಗಳನ್ನು ಕೊಡಿ: ಅರ್ಧ ಫ್ಲೈ ಅರ್ಧ ಬ್ಯಾಕ್, ಅರ್ಧ ಬ್ಯಾಕ್ ಅರ್ಧ ಬ್ರೆಸ್ಟ್, ಅರ್ಧ ಬ್ರೆಸ್ಟ್ ಅರ್ಧ ಫ್ರೀ. ಬ್ಯಾಕ್‌ನಿಂದ ಬ್ರೆಸ್ಟ್‌ಗೆ ತಿರುಗುವಲ್ಲಿ ಎಷ್ಟು ಮಕ್ಕಳು ನಿಂತು ಯೋಚನೆ ಮಾಡುತ್ತಾರೆ ಅಂತ ನೀವೇ ನೋಡಿ.

ಇನ್ನೊಂದು, ಗೋಡೆ ತಳ್ಳಿದ ಮೇಲೆ ಎರಡೂ ಕಾಲು ಜೋಡಿಸಿ ಒಟ್ಟಿಗೆ ಹೊಡೆಯುವ ಡಾಲ್ಫಿನ್ ಕಿಕ್. ಫ್ರೀ, ಬ್ಯಾಕ್, ಫ್ಲೈ ಮೂರರಲ್ಲೂ ನೀರೊಳಗೆ 15 ಮೀಟರ್ ತನಕ ಹೋಗಲು ನಿಯಮ ಬಿಡುತ್ತದೆ. ದಣಿದಾಗ ಮಕ್ಕಳು ಮೊದಲು ಬಿಡುವುದೇ ಅದನ್ನು. ಸೆಟ್‌ನಲ್ಲಿ "ಪ್ರತಿ ಗೋಡೆಗೆ ನಾಲ್ಕು ಕಿಕ್" ಅಂತ ಬರೆದೇ ಇಡಿ. ಬಾಯಲ್ಲಿ ಹೇಳಿದರೆ ಎರಡನೇ ಟರ್ನ್‌ಗೇ ಮರೆಯುತ್ತದೆ. ಆದರೆ ಉಸಿರು ಕಟ್ಟಿ ಎಷ್ಟು ದೂರ ಹೋಗುತ್ತೀರಿ ಅನ್ನೋ ಪೈಪೋಟಿ ಮಾತ್ರ ಯಾವತ್ತೂ ಬೇಡ. ನೀರೊಳಗೆ ಪ್ರಜ್ಞೆ ತಪ್ಪಿದರೆ ಮೇಲಿನಿಂದ ನೋಡುವವರಿಗೆ ಗೊತ್ತೇ ಆಗುವುದಿಲ್ಲ.

ಈಜುವ ಮಗಳ ತಾಯಿ:
ನಾನು ಕೋಚ್ ಅಲ್ಲ, ಒಂದೇ ಮಾತು. ಭುಜ ನೋಯುತ್ತಿದೆ ಅಂತ ಮಕ್ಕಳು ಪೂಲ್‌ನಲ್ಲಿ ಹೇಳುವುದಿಲ್ಲ, ಮನೆಗೆ ಬಂದು ಜಡೆ ಹಾಕಿಕೊಳ್ಳುವಾಗ ಕೈ ಎತ್ತಲಾಗದೆ ಹೇಳುತ್ತಾರೆ. ಅಂಗೈಗೆ ಪ್ಯಾಡಲ್ ಹಲಗೆ ಹಾಕಿಸುವ ಸೆಟ್ ಮುಂಚೆ ಒಬ್ಬೊಬ್ಬರನ್ನೇ ಕೇಳಿ ಸರ್. ಗುಂಪಿನಲ್ಲಿ ಕೇಳಿದರೆ ಎಲ್ಲರೂ ಚೆನ್ನಾಗಿದ್ದೇವೆ ಅಂತಾರೆ.

ಹಿಂದೆ ಸ್ಪರ್ಧೆಗೆ ಈಜುತ್ತಿದ್ದವರು:
ಮೇಡಂ ಹೇಳಿದ್ದು ನಿಜ. ಪ್ಯಾಡಲ್ ದೊಡ್ಡದಾದಷ್ಟೂ ಭುಜಕ್ಕೆ ಭಾರ. 12ರ ಮಕ್ಕಳಿಗೆ ಅಂಗೈಗಿಂತ ಸ್ವಲ್ಪ ದೊಡ್ಡದಿದ್ದರೆ ಸಾಕು, ಅದೂ ಕಡಿಮೆ ಹೊತ್ತು.

ಗಡಿಯಾರ ಓದಲು ಕಲಿಸಿ. 1:35ಕ್ಕೊಂದು ಅಂದರೆ ಪೂಲ್ ಗಡಿಯಾರದ ಕೆಂಪು ಸೆಕೆಂಡ್ ಮುಳ್ಳು 60ರಲ್ಲಿದ್ದಾಗ ಮೊದಲನೆಯದು, ಆಮೇಲೆ 35, 10, 45, 20, 55. ಈ ಸಾಲು ತಲೆಯಲ್ಲಿ ಕೂತರೆ ಕೋಚ್ ಪ್ರತಿ ಸಲ "ಗೋ" ಅಂತ ಕೂಗಬೇಕಿಲ್ಲ, ಈಜು ನೋಡಲು ಕಣ್ಣು ಬಿಡುವಾಗುತ್ತದೆ. ನಮ್ಮ ಕಾಲದಲ್ಲಿ ಲೆಕ್ಕದಲ್ಲಿ ಹಿಂದಿದ್ದವರೂ ಇದರಲ್ಲಿ ಪಕ್ಕಾ ಇದ್ದರು, ಯಾಕಂದರೆ ತಪ್ಪಿದರೆ ವಿಶ್ರಾಂತಿ ಹೋಗುತ್ತಿತ್ತು!

ಸ್ಪರ್ಧೆ ಹತ್ತಿರ ಬಂದಾಗ ಒಂದು ಬ್ರೋಕನ್ 200 ಕೊಡುವುದು ನನಗೆ ಇಷ್ಟ. 4×50, ನಡುವೆ ಹತ್ತು ಹತ್ತು ಸೆಕೆಂಡ್, ಒಟ್ಟು ಟೈಮಿನಿಂದ 30 ಕಳೆಯಿರಿ. ಹುಡುಗಿಗೆ ತನ್ನ ಹೊಸ ಟೈಮ್ ಹೇಗಿರಬಹುದು ಅಂತ ಕಣ್ಣಿಗೆ ಕಾಣುತ್ತದೆ. ದಿನಾ ಕೊಟ್ಟರೆ ಬೆಲೆ ಇರುವುದಿಲ್ಲ.

ಕೇಳಿದವರು:
ಸ್ಪರ್ಧೆಗೆ ಮುಂಚೆ ಎಷ್ಟು ಕಡಿಮೆ ಮಾಡಬೇಕು? ಮತ್ತೆ ನಾಳೆ ಬೆಳಿಗ್ಗೆ ಬೋರ್ಡ್ ಮೇಲೆ ಏನು ಬರೆಯಲಿ?

ಹಿರಿಯ ಕೋಚ್:
ದೊಡ್ಡ ಮಕ್ಕಳಿಗೆ ಸುಮಾರು ಎರಡು ವಾರ ಮುಂಚೆಯಿಂದ ದೂರವನ್ನು ಮೆಲ್ಲಗೆ ಅರ್ಧಕ್ಕೆ ಇಳಿಸಿ. ವೇಗ ಇಳಿಸಬೇಡಿ, ಪೂಲ್‌ಗೆ ಬರುವ ದಿನಗಳನ್ನೂ ಜಾಸ್ತಿ ಇಳಿಸಬೇಡಿ. ಅದೇ 36ರ 50ಗಳು ಇರಲಿ, ಹನ್ನೆರಡರ ಬದಲು ಆರು, ಆಮೇಲೆ ನಾಲ್ಕು. ಚಿಕ್ಕವರು ಅಷ್ಟು ದೂರ ಈಜಿಯೇ ಇರುವುದಿಲ್ಲ, ಅವರಿಗೆ ಕೆಲವು ದಿನ ಹಗುರ ಮಾಡಿದರೆ ಆಯಿತು.

ನಾಳೆ ಹೊಸ ಸೆಟ್ ಬೇಡ. 600 ಮೀಟರ್ ವಾರ್ಮ್ ಅಪ್, ಕೊನೆಯಲ್ಲಿ ನಾಲ್ಕು 25 ವೇಗ ಏರಿಸುತ್ತಾ. ಆಮೇಲೆ ಎಲ್ಲರಿಂದಲೂ 400 ಟೆಸ್ಟ್, ಗೋಡೆ ತಳ್ಳಿ. ಒಂದು ಲೇನ್‌ಗೆ ಮೂರು ಮೂರು ಜನ ಬಿಡಿ, ಉಳಿದ ಮೂವರು ದಡದಲ್ಲಿ ನಿಂತು ತಮ್ಮ ಜೋಡಿಯ ಪ್ರತಿ 100ರ ಟೈಮ್ ಬರೆದುಕೊಳ್ಳಲಿ. ನಾಡಿದ್ದು 200, ಅದೂ ಗೋಡೆ ತಳ್ಳಿಯೇ. ಹನ್ನೆರಡು ಜನರ 400, 200 ಎರಡೂ ಇಲ್ಲಿ ಹಾಕಿ, ಲೇನ್ ಹೇಗೆ ಹಂಚುವುದು ಅಂತ ಅದನ್ನು ನೋಡಿ ಹೇಳುತ್ತೇನೆ.