ಫುಲ್ ಟ್ಯಾಂಕ್ ಹಾಕಿಸಿದ ದಿನ ಮಾತ್ರ ಪೆಟ್ರೋಲ್ ವಾಸನೆ, ಯಾಕೆ?

ಪ್ರಶ್ನೆ, ಚಿತ್ರದುರ್ಗದಿಂದ: ನನ್ನದು 2016ರ ಪೆಟ್ರೋಲ್ ಕಾರು. ಫುಲ್ ಟ್ಯಾಂಕ್ ಹಾಕಿಸಿ ಬಿಸಿಲಲ್ಲಿ ನಿಲ್ಲಿಸಿದರೆ, ಸಾಯಂಕಾಲ ಹಿಂದಿನ ಚಕ್ರದ ಹತ್ತಿರ ಪೆಟ್ರೋಲ್ ವಾಸನೆ ಗಪ್ಪಂತ ಹೊಡೆಯುತ್ತದೆ. ಬಂಕಿನಲ್ಲೂ ನಾಜಲ್ ಟಕ್ ಟಕ್ ಅಂತ ಕಟ್ ಆಗುತ್ತಲೇ ಇರುತ್ತದೆ. ಕೆಳಗೆ ಒಂದು ಹನಿಯೂ ಸೋರಿಲ್ಲ. ಒಬ್ಬ ಮೆಕ್ಯಾನಿಕ್ ಬಗ್ಗಿ ಕೂಡ ನೋಡದೆ ‘ಕ್ಯಾನಿಸ್ಟರ್ ಹೋಗಿದೆ, 8,000 ಆಗುತ್ತೆ’ ಅಂದರು. ಎಮಿಷನ್ ಟೆಸ್ಟ್ ಪಾಸಾಗಿದೆ, ಇಂಜಿನ್ ಲೈಟೂ ಬಂದಿಲ್ಲ. ಹಾಕಿಸಿಬಿಡಲಾ?

ಉತ್ತರ, ದಾವಣಗೆರೆ ಗ್ಯಾರೇಜಿನಿಂದ: ಸದ್ಯಕ್ಕೆ ಬೇಡ. ಮೊದಲು ಗಾಡಿ ಕೆಳಗೆ ಟಾರ್ಚ್ ಹಾಕಿ ಇನ್ನೊಮ್ಮೆ ನೋಡಿ. ಎಲ್ಲಾದರೂ ಒದ್ದೆ ಕಂಡರೆ ಸ್ಟಾರ್ಟ್ ಮಾಡಬೇಡಿ, ಟೋ ಮಾಡಿಸಿ. ಒಣಗಿದ್ದರೆ ಅದು ಆವಿಯ ವಾಸನೆ, ಮುಂದೆ ಓದಿ.

ಬಿಸಿಲಿಗೆ ಟ್ಯಾಂಕಿನಲ್ಲಿ ಪೆಟ್ರೋಲ್ ಆವಿ ಏಳುತ್ತದೆ. ಅದು ಹೊರಗೆ ಹೋಗದ ಹಾಗೆ ಕ್ಯಾನಿಸ್ಟರ್ ಅನ್ನೋ ಕಪ್ಪು ಡಬ್ಬಿಯ ಇದ್ದಿಲ ಕಾಳುಗಳು ಹಿಡಿದುಕೊಳ್ಳುತ್ತವೆ. ಇಂಜಿನ್ ಬಿಸಿಯಾದ ಮೇಲೆ ಪರ್ಜ್ ವಾಲ್ವ್ ತೆರೆಯುತ್ತದೆ, ಇಂಜಿನ್ ಆ ಆವಿಯನ್ನು ಎಳೆದುಕೊಂಡು ಸುಡುತ್ತದೆ. ಡಬ್ಬಿಯ ಇನ್ನೊಂದು ಬಾಯಿಂದ ಹೊಸ ಗಾಳಿ ಒಳಗೆ ಬರುತ್ತದೆ. ಕೆಡುವುದು ಹೆಚ್ಚಾಗಿ ಈ ಡಬ್ಬಿಯಲ್ಲ, ಅದಕ್ಕೆ ಹೋಗುವ ರಬ್ಬರು ಮತ್ತು ಆ ವಾಲ್ವ್.

ಬೆಳಿಗ್ಗೆ ಗಾಡಿ ತಣ್ಣಗಿರುವಾಗ ನೋಡಿ. ಪೆಟ್ರೋಲ್ ಮುಚ್ಚಳ ತೆಗೆದು ಅದರ ರಬ್ಬರ್ ರಿಂಗ್ ಮೇಲೆ ಉಗುರು ಆಡಿಸಿ. ಬಿರುಕು ಬಿಟ್ಟಿದ್ದರೆ ಕೈಗೇ ಗೊತ್ತಾಗುತ್ತದೆ. ತೆಗೆಯುವಾಗ ಸ್ವಲ್ಪ ‘ಸುಯ್’ ಅಂದರೆ ಹೆದರಬೇಡಿ. ಆಮೇಲೆ ಟ್ಯಾಂಕಿನಿಂದ ಕ್ಯಾನಿಸ್ಟರಿಗೆ ಹೋಗುವ ಹೋಸನ್ನು ತುದಿಯಿಂದ ತುದಿಗೆ ಕೈಯಲ್ಲಿ ಹಿಡಿದು ನೋಡಿ. ಕಣ್ಣಿಗಿಂತ ಬೆರಳೇ ವಾಸಿ, ಬಿರುಕು ಇರೋದು ಹೆಚ್ಚಾಗಿ ಕ್ಲಿಪ್ಪಿನ ಅಡಿಗೇ.

ಈಗ ಪರ್ಜ್ ವಾಲ್ವ್. ಇಂಜಿನ್ ಹತ್ತಿರ ಎರಡು ಪೈಪು, ಒಂದು ವೈರ್ ಸಾಕೆಟ್ ಇರುವ ಹೆಬ್ಬೆರಳಷ್ಟು ದಪ್ಪದ ಕಪ್ಪು ಸಾಮಾನು. ಕ್ಯಾನಿಸ್ಟರ್ ಕಡೆಯ ಪೈಪ್ ಬಿಚ್ಚಿ, ತಣ್ಣನೆ ಇಂಜಿನ್ ಸ್ಟಾರ್ಟ್ ಮಾಡಿ, ವಾಲ್ವಿನ ಬಾಯಿಗೆ ಬೆರಳಿಡಿ. ಎಳೆಯಬಾರದು. ಎಳೆದರೆ ವಾಲ್ವ್ ಪೂರ್ತಿ ಮುಚ್ಚುತ್ತಿಲ್ಲ ಅಂತ ಅರ್ಥ. ಇಂಜಿನ್ ಬಿಸಿಯಾದ ಮೇಲೆ ಸ್ವಲ್ಪ ರೇಸ್ ಕೊಟ್ಟರೆ ಬೆರಳಿಗೆ ಬಿಟ್ಟು ಬಿಟ್ಟು ಎಳೆದ ಹಾಗೆ ಆಗಬೇಕು.

ನಾಜಲ್ ಕಟ್ ಆಗೋದು ಬೇರೆ ವಿಷಯ ಇರಬಹುದು. ಪೆಟ್ರೋಲ್ ಒಳಗೆ ಹೋಗಬೇಕಾದರೆ ಗಾಳಿ ಹೊರಗೆ ಬರಬೇಕು ಅಲ್ವಾ? ಫಿಲ್ಲರ್ ಪೈಪಿನ ಪಕ್ಕದ ತೆಳು ಪೈಪು ಮಡಚಿದೆಯಾ ನೋಡಿ. ಡಬ್ಬಿಯ ಗಾಳಿ ಬಾಯನ್ನೂ ನೋಡಿ. ಹರಿಹರದ ಕಡೆಯ ಒಂದು ಗಾಡಿಯಲ್ಲಿ ಕಡಜ ಅಲ್ಲಿ ಅಚ್ಚುಕಟ್ಟಾಗಿ ಮಣ್ಣಿನ ಗೂಡು ಕಟ್ಟಿತ್ತು. ಅವತ್ತಿನ ಖರ್ಚು ಒಂದು ತಂತಿ, ಹತ್ತು ನಿಮಿಷ.

ಪ್ರಶ್ನೆ, ಅವರದೇ: ಎಮಿಷನ್ ಟೆಸ್ಟಿನಲ್ಲಿ ಇದು ಗೊತ್ತಾಗಬೇಕಿತ್ತಲ್ಲ?

ಉತ್ತರ: ಇಲ್ಲ. ಅಲ್ಲಿ ಸೈಲೆನ್ಸರಿಗೆ ಪೈಪ್ ತೂರಿಸಿ ಹೊಗೆ ಅಳೆಯುತ್ತಾರೆ, ಟ್ಯಾಂಕಿನ ಆವಿಗೂ ಅದಕ್ಕೂ ಸಂಬಂಧವಿಲ್ಲ. ಆವಿ ಅಳೆಯೋದು ಹೊಸ ಮಾಡೆಲ್ ಪಾಸ್ ಮಾಡುವಾಗ. ಇಡೀ ಕಾರನ್ನು ಮುಚ್ಚಿದ ಕೋಣೆಯಲ್ಲಿಟ್ಟು ಅಳೆಯುತ್ತಾರೆ, ಬಿಎಸ್ 6 ಮಾಲಿನ್ಯ ನಿಯಮದಲ್ಲಿ ಒಂದು ಟೆಸ್ಟಿಗೆ 2 ಗ್ರಾಂ ಮಿತಿ. ಇಂಜಿನ್ ಲೈಟನ್ನೂ ಪೂರ್ತಿ ನಂಬಬೇಡಿ. ಅಮೆರಿಕದ ಕಾರುಗಳು ಟ್ಯಾಂಕ್ ಮುಚ್ಚಿ ತಾವೇ ಲೀಕ್ ಹುಡುಕುತ್ತವೆ. ಯೂಟ್ಯೂಬಿನಲ್ಲಿ ಕಾಣುವ ಪಿ0442, ಪಿ0455 ಅನ್ನೋ ಆವಿ ಲೀಕಿನ ಕೋಡುಗಳು ಅದರಿಂದ ಬರುತ್ತವೆ. ನಮ್ಮಲ್ಲಿನ ಬಹಳಷ್ಟು ಕಾರುಗಳು ಪರ್ಜ್ ವಾಲ್ವಿನ ವೈರಿಂಗ್ ಸರಿ ಇದೆಯಾ ಅಂತ ನೋಡಿ ಸುಮ್ನಾಗುತ್ತವೆ. ಹೋಸು ಹರಿದರೂ ಲೈಟ್ ಬರದೇ ಇರಬಹುದು.

ಪ್ರಶ್ನೆ, ಜಗಳೂರಿನಿಂದ: ನನಗೆ ವಾಸನೆ ಇಲ್ಲ ಸರ್. ಆದರೆ ಫುಲ್ ಟ್ಯಾಂಕ್ ಹಾಕಿಸಿ ಬಂಕಿನಿಂದ ಹೊರಡುವಾಗ ಸ್ಟಾರ್ಟ್ ಆಗಲು ಸತಾಯಿಸುತ್ತದೆ. ಆಮೇಲೆ ಸರಿಹೋಗುತ್ತದೆ.

ಉತ್ತರ: ನಿಮ್ಮದರಲ್ಲಿ ನನ್ನ ಅನುಮಾನ ನೇರ ಪರ್ಜ್ ವಾಲ್ವಿನ ಮೇಲೆ. ಅದು ತೆರೆದೇ ಉಳಿದರೆ ಟ್ಯಾಂಕ್ ತುಂಬಿದಾಗ ಎದ್ದ ಆವಿಯೆಲ್ಲ ಇಂಜಿನ್ನಿಗೆ ನುಗ್ಗುತ್ತದೆ, ಪೆಟ್ರೋಲ್ ಜಾಸ್ತಿಯಾಗಿ ಉಸಿರು ಕಟ್ಟುತ್ತದೆ. ವಾಲ್ವ್ ಬಿಚ್ಚಿ, ಒರೆಸಿ, ವೈರ್ ಕೊಡದೆ ಸಣ್ಣ ಪೈಪ್ ಇಟ್ಟು ಊದಿ. ಗಾಳಿ ದಾಟಿದರೆ ಹೊಸದು ಹಾಕಿ. ಹಳೇದನ್ನು ತಟ್ಟಿದಾಗ ಕಪ್ಪು ಕಾಳು ಉದುರಿದರೆ ಮಾತ್ರ ಕ್ಯಾನಿಸ್ಟರ್ ಒಡೆದಿದೆ. ಅದಕ್ಕೆ ಕಾರಣ ಬಹಳ ಸಲ ನಾವೇ. ನಾಜಲ್ ಕಟ್ ಆದ ಮೇಲೂ ‘ರೌಂಡ್ ಫಿಗರ್ ಮಾಡಪ್ಪ’ ಅಂತ ತುಂಬಿಸಿದರೆ ಆವಿ ಹೋಗೋ ದಾರಿಯಲ್ಲಿ ಪೆಟ್ರೋಲೇ ಹೋಗಿ ಇದ್ದಿಲು ನೆನೆಯುತ್ತದೆ.

ಮೊದಲ ಪ್ರಶ್ನೆಯವರು, ನಾಲ್ಕು ದಿನದ ಮೇಲೆ: ಸಿಕ್ಕಿತು ಸರ್. ಕ್ಯಾನಿಸ್ಟರ್ ಹತ್ತಿರದ ಹೋಸನ್ನು ಇಲಿ ಕಡಿದಿದೆ, ಹಲ್ಲಿನ ಗುರುತು ಸಾಲಾಗಿ ಕಾಣುತ್ತದೆ. ಮನೆ ಪಕ್ಕ ಮೆಕ್ಕೆಜೋಳದ ಗೋದಾಮಿದೆ. ತೆಳು ಪೈಪೂ ಮಡಚಿತ್ತು, ನೆಟ್ಟಗೆ ಮಾಡಿದೆ. ಸದ್ಯಕ್ಕೆ ಗಿಡಕ್ಕೆ ನೀರು ಬಿಡುವ ಪೈಪ್ ತುಂಡು ಹಾಕಿದ್ದೇನೆ. ಬೇರೆಲ್ಲೂ ಲೀಕ್ ಇಲ್ಲ ಅಂತ ಕಂಪ್ರೆಸರ್ ಗಾಳಿ ಕೊಟ್ಟು ನೋಡಲಾ?

ಉತ್ತರ: ಎರಡೂ ಬೇಡ ಮಾರಾಯ್ರೇ! ನೀರಿನ ಪೈಪ್ ಪೆಟ್ರೋಲ್ ಆವಿಗೆ ಉಬ್ಬಿ ಮೆತ್ತಗಾಗುತ್ತದೆ, ಇವತ್ತೇ ತೆಗೆಯಿರಿ. ಫ್ಯೂಯಲ್ ಹೋಸ್ ಅಂತಲೇ ಕೇಳಿ, ಹಳೇ ತುಂಡು ತೋರಿಸಿ ಅದೇ ಅಳತೆಯದು ತನ್ನಿ. ಕಂಪ್ರೆಸರ್ ಅಂತೂ ಮುಟ್ಟಲೇಬೇಡಿ. ಹೊಗೆ ಬಿಟ್ಟು ಲೀಕ್ ಹುಡುಕುವ ಸ್ಮೋಕ್ ಮೆಷಿನ್ನಿನಿಂದ ಈ ಸಿಸ್ಟಮ್ಮಿಗೆ ಕೊಡೋದೇ ಸುಮಾರು ಅರ್ಧ ಪಿಎಸ್‌ಐ ಒತ್ತಡ. ನಿಮ್ಮ ಟೈರಿನಲ್ಲಿ 30ರ ಮೇಲಿರುತ್ತದೆ, ಕಂಪ್ರೆಸರಿನಲ್ಲಿ ಇನ್ನೂ ಎಷ್ಟೋ ಪಟ್ಟು. ಟ್ಯಾಂಕ್ ಒಡೆಯುತ್ತದೆ, ಒಳಗಿರೋದು ಪೆಟ್ರೋಲು. ಹೋಸ್ ಹಾಕಿ, ಎರಡು ದಿನ ಬಿಸಿಲಲ್ಲಿ ನಿಲ್ಲಿಸಿ ಮೂಸಿ ನೋಡಿ. ಇನ್ನೂ ವಾಸನೆ ಇದ್ದರೆ ದಾವಣಗೆರೆಗೆ ತನ್ನಿ, ಹೊಗೆ ಬಿಟ್ಟು ನೋಡೋಣ. ಟ್ಯಾಂಕ್ ಅರ್ಧಕ್ಕಿಂತ ಕಡಿಮೆ ಇರಲಿ.