‘ಫ್ರೆಗಾರೆ’ ಎಂದರೆ ತಿಕ್ಕುವುದೋ, ಕದಿಯುವುದೋ?

ಶಿರಸಿಯವಳು:
ಇಟಲಿಯ ಟೊರಿನೊದಲ್ಲಿ ಓದುತ್ತಿದ್ದೇನೆ. ಪಾತ್ರೆಯ ತಳ ಸೀದಾಗಲೆಲ್ಲ ಮನೆಯೊಡತಿ ‘ಫ್ರೆಗಾ, ಫ್ರೆಗಾ’ ಎನ್ನುತ್ತಾರೆ, ಚೆನ್ನಾಗಿ ತಿಕ್ಕು ಎಂದು. ನಿನ್ನೆ ಸಹಪಾಠಿಯೊಬ್ಬ ‘ಮಿ ಆನ್ನೊ ಫ್ರೆಗಾತೊ ಲಾ ಬೀಚಿ’ ಎಂದು ಜೋಲು ಮೋರೆ ಹಾಕಿಕೊಂಡು ಬಂದ. ಅವನ ಸೈಕಲ್ಲನ್ನು ಯಾರೋ ಎಗರಿಸಿದ್ದರು. ಎರಡೂ ಒಂದೇ ಕ್ರಿಯಾಪದವೇ?

ಪದವ್ಯಸನಿ:
ಒಂದೇ ಅಮ್ಮಾ. ಲ್ಯಾಟಿನ್ನಿನ ‘ಫ್ರಿಕಾರೆ’ ಇದರ ಮೂಲ, ತಿಕ್ಕು ಎಂದೇ ಅರ್ಥ. ಸ್ವರಗಳ ನಡುವಿನ ಕಕಾರ ಇಟಾಲಿಯನ್ನಿನಲ್ಲಿ ಎಷ್ಟೋ ಕಡೆ ಗಕಾರವಾಗಿದೆ: ಕತ್ತರಿಸು ಎನ್ನುವ ‘ಸೆಕಾರೆ’ ಈಗ ‘ಸೆಗಾರೆ’, ಗರಗಸದಿಂದ ಕೊಯ್ಯುವುದು. ಸಮಾಧಾನಪಡಿಸು ಎನ್ನುವ ‘ಪಾಕಾರೆ’ ಈಗ ‘ಪಗಾರೆ’, ದುಡ್ಡು ಕೊಡುವುದು. ಸಾಲ ಕೊಟ್ಟವನನ್ನು ಇನ್ನು ಹೇಗೆ ಸಮಾಧಾನಪಡಿಸುತ್ತೀರಿ!

ಕಳ್ಳತನದ ಅರ್ಥ ಬಂದ ದಾರಿ ಸ್ವಲ್ಪ ಕೊಳಕು. ಆಡುಮಾತಿನಲ್ಲಿ ತಿಕ್ಕುವುದಕ್ಕೆ ಸಂಭೋಗದ ಅರ್ಥವೂ ಅಂಟಿಕೊಂಡಿತು. ಟೋಪಿ ಹಾಕುವುದು, ಲಪಟಾಯಿಸುವುದು ಅದರ ಬೆನ್ನಿಗೆ ಬಂದವು. ‘ಫೊತ್ತೆರೆ’ ಎಂಬ ಇನ್ನೂ ಹಸಿಯಾದ ಕ್ರಿಯಾಪದವೂ ಇದೇ ಜಾಡು ಹಿಡಿದಿದೆ. ‘ಫ್ರೆಗಾರೆ’ಯಲ್ಲಿ ಆ ವಾಸನೆ ಈಗ ಬಹುಮಟ್ಟಿಗೆ ಆರಿದೆ, ಆದರೂ ಪ್ರಾಧ್ಯಾಪಕರ ಮುಂದೆ ಬಳಸಬೇಡಿ.

ಮಿಲಾನೊ ಮಂಜು:
ನಾನು ಕರ್ಮಪದ ನೋಡಿ ಅರ್ಥ ಹಿಡಿಯುತ್ತೇನೆ. ಕಣ್ಣು, ಕೈ, ನೆಲ ಬಂದರೆ ಉಜ್ಜುವುದು. ಪರ್ಸು, ಮೊಬೈಲ್ ಬಂದರೆ ಕಳವು. ಬರೀ ಮನುಷ್ಯ ಬಂದರೆ ಅವನಿಗೆ ಯಾರೋ ನಾಮ ಹಾಕಿದ್ದಾರೆ. ಆ ಮೋಸದ ವ್ಯಾಪಾರವೇ ‘ಫ್ರೆಗಾತೂರಾ’.

ಶಿರಸಿಯವಳು:
‘ಮೆ ನೆ ಫ್ರೆಗೊ’ ಎಂದರೆ ‘ನನಗೇನಂತೆ’ ಅಲ್ಲವೇ? ಅದಕ್ಕೆ ಮನೆಯೊಡತಿ ಏಕೆ ಅಷ್ಟು ಸಿಡುಕುತ್ತಾರೆ? ಒರಟು ಮಾತೆಂದೇ?

ಪದವ್ಯಸನಿ:
ಒರಟುತನ ಸಣ್ಣ ಕಾರಣ. ಅದು ಫ್ಯಾಸಿಸ್ಟರ ಘೋಷಣೆಯಾಗಿತ್ತು. ಗಾಯದ ಪಟ್ಟಿಯ ಮೇಲೆ ಆ ಮಾತು ಗೀಚಿಕೊಳ್ಳುವುದನ್ನು ಮುಸೊಲಿನಿ ಹೆಸರಿನಲ್ಲಿ 1932ರಲ್ಲಿ ಬಂದ ವಿಶ್ವಕೋಶದ ಲೇಖನ ಹೆಮ್ಮೆಯಿಂದಲೇ ಹೇಳುತ್ತದೆ. ಸತ್ತರೂ ಕ್ಯಾರೇ ಎನ್ನುವುದಿಲ್ಲ ಎಂಬ ಪೊಗರು. ಇದರಿಂದಲೇ ‘ಮೆನೆಫ್ರೆಗೀಸ್ಮೊ’ ಎಂಬ ನಾಮಪದವೂ ಹುಟ್ಟಿತು. ಯಾವುದಕ್ಕೂ ತಲೆ ಕೆಡಿಸಿಕೊಳ್ಳದ ಉಡಾಫೆಗೆ ಈಗ ಅದೇ ಹೆಸರು.

ಲೊರೆಂಜೊ ಮಿಲಾನಿ ಎಂಬ ಪಾದ್ರಿಯ ಬಗ್ಗೆ ಓದಿ. ಟಸ್ಕನಿಯ ಬಾರ್ಬಿಯಾನಾ ಎಂಬ ಗುಡ್ಡದ ಊರಿನಲ್ಲಿ ಬಡ ಮಕ್ಕಳಿಗೆ ಶಾಲೆ ನಡೆಸುತ್ತಿದ್ದರು. ಅದರ ಗೋಡೆಯ ಮೇಲೆ ಇಂಗ್ಲಿಷಿನಲ್ಲಿ ‘ಐ ಕೇರ್’ ಎಂದು ಬರೆಸಿದ್ದರು. ಸೇನೆ ಸೇರಲೊಲ್ಲದ ಯುವಕರ ಪರ ಬರೆದದ್ದಕ್ಕೆ ಮೊಕದ್ದಮೆ ಬಿದ್ದಾಗ, 1965ರಲ್ಲಿ ನ್ಯಾಯಾಧೀಶರಿಗೆ ಬರೆದ ಪತ್ರದಲ್ಲಿ ಅವರೇ ಅದನ್ನು ವಿವರಿಸಿದರು: ಅದು ‘ಮೆ ನೆ ಫ್ರೆಗೊ’ಗೆ ನೇರ ವಿರುದ್ಧವಾದ ಮಾತು ಎಂದು.